ಕೂಸಿಗೆ ಎರೆಯುವ ದೇವಕಮ್ಮನ ಕೈ

ನಮ್ಮ ಸಗರದಲ್ಲಿ ಈಗ ಮನೆಯಲ್ಲಿ ಹೆರುವವರು ಯಾರೂ ಇಲ್ಲ. ನೋವು ಬಂತೆಂದರೆ ಗಾಡಿ ಬರುತ್ತದೆ, ಶಹಾಪುರದ ದವಾಖಾನೆಗೆ ಒಯ್ಯುತ್ತದೆ. ಆದರೆ ಅಲ್ಲಿಂದ ಮನೆಗೆ ಬಂದ ಕೂಸಿಗೆ ಎರೆಯುವುದಕ್ಕೆ ಮಾತ್ರ ಇವತ್ತಿಗೂ ದೇವಕಮ್ಮನೇ ಬೇಕು. ನಾನೂ ಅವಳೂ ಒಂದೇ ಗೋಡೆಯ ಆಚೆ ಈಚೆ ನಲವತ್ತು ವರ್ಷ ಕಳೆದಿದ್ದೇವೆ. ಅವಳ ಮನೆಯಲ್ಲಿ ಆಡಿದ ಮಾತು ನನ್ನ ಒಲೆಯ ಮುಂದೆ ಕೇಳುತ್ತದೆ. ಹಾಗಾಗಿ ಇದನ್ನು ಹೇಳುವುದಕ್ಕೆ ಯಾರನ್ನೂ ಕೇಳಿ ಬರಬೇಕಾಗಿಲ್ಲ.

ಮೂಡಣ ಬೆಳ್ಳಗಾಗುವುದರೊಳಗೆ ಅವಳು ಮೊದಲ ಮನೆಯ ಬಚ್ಚಲಲ್ಲಿ ಇರುತ್ತಾಳೆ. ಮಣೆ ಹಾಕಿಕೊಂಡು, ಸೀರೆ ಮೊಣಕಾಲಿಗೆ ಸರಿಸಿ, ಎರಡೂ ಕಾಲು ನೀಡಿ ಕೂರುತ್ತಾಳೆ. ನೀಡಿದ ಕಾಲ ಮೇಲೆ ಕೂಸು. ಎಣ್ಣೆ ತಿಕ್ಕಿ, ಕೈಕಾಲು ನೀವಿ, ಮೂಗು ತಿದ್ದಿ, ಕಡಲೆಹಿಟ್ಟು ಹಚ್ಚಿ ನೀರು ಹೊಯ್ಯುತ್ತಾಳೆ. ಕೂಸು ಮೊದಲು ಓಣಿ ಕೇಳುವಂತೆ ಅಳುತ್ತದೆ, ಲೋಬಾನದ ಹೊಗೆ ಹಿಡಿಯುವ ಹೊತ್ತಿಗೆ ನಿದ್ದೆಹೋಗಿರುತ್ತದೆ.

ಹೊಗೆ ಹಿಡಿಯುವಾಗ ಕೂಸನ್ನು ಸುತ್ತಲು ಅವಳ ಬಳಿ ಒಂದು ಹಳೆಯ ಇಳಕಲ್ ಸೀರೆಯ ತುಂಡು ಇತ್ತು. ಅದು ಮನೆಯಿಂದ ಮನೆಗೆ ಅವಳ ಬಗಲಲ್ಲೇ ಹೋಗುತ್ತಿತ್ತು. ಎಷ್ಟೋ ಕೂಸುಗಳು ಅದರಲ್ಲಿ ಸುತ್ತಿಸಿಕೊಂಡು ಬೆಳೆದಿವೆ. ಅದಕ್ಕೆ ಸಾಬೂನು ಮುಟ್ಟಿಸುವಂತಿಲ್ಲ. ಮುಟ್ಟಿಸಿದರೆ ಅಷ್ಟೂ ಕೂಸುಗಳ ಬಲ ತೊಳೆದುಹೋಗುತ್ತದೆ ಎಂದು ಅವಳೂ ನಂಬಿದ್ದಳು, ನಾವೂ ನಂಬಿದ್ದೆವು. ಅಮಾವಾಸ್ಯೆಗೊಮ್ಮೆ ತಣ್ಣೀರಿನಲ್ಲಿ ಅದ್ದಿ ನೆರಳಲ್ಲಿ ಒಣಹಾಕುವುದು, ಅಷ್ಟೆ. ಎಷ್ಟೋ ಮನೆಯವರು ತೊಟ್ಟಿಲಿಗೆ ಹಾಸಲು ಅದನ್ನು ಒಂದೆರಡು ದಿನಕ್ಕೆ ಕೇಳಿ ಒಯ್ಯುವುದೂ ಇತ್ತು.

ಹೋದ ವರ್ಷ ಹತ್ತಿ ಬಿಡಿಸುವ ಕಾಲಕ್ಕೆ ಅವಳ ಗಂಡ ಈಶಪ್ಪ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುವುದು ಶುರುವಾಯಿತು.

"ಹತ್ತಿ ಹೊಲದಾಗ ಏನೋ ಕಡದದ ನನಗ," ಅಂದ.

"ಹೊಲದಾಗ ಎಲ್ಲಿ ಇಳದಿದ್ದಿ ನೀನು? ಬದುವಿನ ಮ್ಯಾಲ ಕುಂತು ಬೀಡಿ ಸೇದಿ ಬಂದೀದಿ," ಅಂದಳು ದೇವಕಮ್ಮ.

"ಬದುವಿನ ಹುಳಕ್ಕೂ ಹಲ್ಲು ಇರ್ತಾವ."

ಗಂಡನಿಗೆ ಹಾಗೆ ಅಂದಳೇ ಹೊರತು ತನ್ನ ಕೈಯ ಮಾತು ಎತ್ತಲಿಲ್ಲ. ಬೆರಳ ಸಂದಿಯಲ್ಲಿ, ಬಳೆಗಳ ಕೆಳಗೆ ಅವಳಿಗೂ ತುರಿಸುತ್ತಿತ್ತು. ದಿನಾ ಎಂಟು ಮನೆಯ ಎಣ್ಣೆ, ಹಿಟ್ಟು, ಬಿಸಿನೀರು. ಕೈ ಒಡೆದಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ರಾತ್ರಿ ಕೈಯನ್ನು ತಣ್ಣನೆಯ ಕೊಡಕ್ಕೆ ಒತ್ತಿ ಹಿಡಿಯುತ್ತಿದ್ದಳು.

ಆಗ ಅವಳು ಎರೆಯುತ್ತಿದ್ದ ಎಂಟು ಕೂಸುಗಳಲ್ಲಿ ಶಾಲೆಯ ಮಾಸ್ತರ ಬುದ್ಧಪ್ರಿಯನ ಮಗಳೂ ಒಂದು. ಎರಡೂವರೆ ತಿಂಗಳ ಕೂಸು. ಅದರ ಅಂಗಾಲಿನಲ್ಲಿ, ಅಂಗೈಯಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆ ಎದ್ದವು. ತಾಯಿ ಅನುರಾಧಾ ತೋರಿಸಿದಾಗ ದೇವಕಮ್ಮ, "ಏನಿಲ್ಲ ಬಿಡವ್ವ, ಹಾಲಿನ ಕಾವು. ನೀ ಖಾರ ಉಣ್ಣೂದು ಬಿಡು," ಅಂದಳು. ಅನುರಾಧಾ ಬಿಟ್ಟಳು. ದೇವಕಮ್ಮ ನೀರಿಗೆ ಬೇವಿನ ಸೊಪ್ಪು ಹಾಕಿದಳು, ಹಿಟ್ಟು ಇನ್ನೂ ಗಟ್ಟಿಯಾಗಿ ತಿಕ್ಕಿದಳು, ಅದೇ ಅರಿವೆಯಲ್ಲಿ ಇನ್ನೂ ಬಿಗಿಯಾಗಿ ಸುತ್ತಿ ಹೆಚ್ಚು ಹೊತ್ತು ಹೊಗೆ ಹಿಡಿದಳು. ಗುಳ್ಳೆ ಕಿವಿಯ ಹಿಂದಕ್ಕೂ ತಲೆಗೂ ಹತ್ತಿದವು. ಕೂಸು ರಾತ್ರಿಯಿಡೀ ಕಾಲಿಗೆ ಕಾಲು ಉಜ್ಜಿ ಅಳುತ್ತಿತ್ತು. ಹದಿನೈದು ದಿನಕ್ಕೆ ಗುಳ್ಳೆಯಲ್ಲಿ ಕೀವು ತುಂಬಿ ಮೈ ಕೆಂಡವಾಯಿತು. ಸೋಮವಾರ ಶಹಾಪುರಕ್ಕೆ ಒಯ್ದರು.

ಮಂಗಳವಾರ ಹೊತ್ತೇರಿದ ಮೇಲೆ ಬುದ್ಧಪ್ರಿಯ ಮೋಟಾರು ಸೈಕಲ್ಲಿನಲ್ಲಿ ದೇವಕಮ್ಮನ ಬಾಗಿಲಿಗೆ ಬಂದ. ಇಳಿಯಲಿಲ್ಲ.

"ಡಾಕ್ಟರು ನಿಮ್ಮನ್ನ ಕರ್ಯಾಕತ್ತಾರ ಆಯಿ."

"ನನ್ನನ್ಯಾಕ? ಕೂಸು ಹೆಂಗದ?"

"ಜ್ವರ ಇಳಿದಿಲ್ಲ," ಎಂದು ಗಾಡಿ ತಿರುಗಿಸಿದ.

ದೇವಕಮ್ಮ ನನ್ನ ಬಾಗಿಲಿಗೆ ಬಂದು, "ಸಾಯಬವ್ವ, ನೀನೂ ಬಾ. ನನಗ ಒಬ್ಬಾಕಿಗೆ ಅಲ್ಲಿ ಬಾಯಿ ಬರಂಗಿಲ್ಲ," ಅಂದಳು. ಟಂಟಂ ಗಾಡಿ ಹತ್ತಿ ಹೋದೆವು.

ಡಾಕ್ಟರು ಸಬಾ ಎನ್ನುವ ಹುಡುಗಿ. ಹೆಚ್ಚೆಂದರೆ ಮೂವತ್ತು ವರ್ಷ. ಕೂಸಿನ ತಲೆಗೆ ಸೂಜಿ ಹಾಕಿ ಸಲಾಯಿನ್ ಹಚ್ಚಿದ್ದರು. ಬುದ್ಧಪ್ರಿಯ ಅದು ಕದಲದಂತೆ ಎರಡೂ ಕೈಯಿಂದ ತಲೆ ಹಿಡಿದು ನಿಂತಿದ್ದ. ಅನುರಾಧಾ ನಮ್ಮ ಕಡೆ ನೋಡಲಿಲ್ಲ.

"ಕೈ ತೋರಸ್ರಿ ಅಮ್ಮ," ಅಂದರು ಡಾಕ್ಟರು.

"ನನಗೇನಾಗೇದ್ರಿ? ಕೂಸಿನ್ನ ನೋಡ್ರಿ."

"ಕೂಸಿನ್ನ ನೋಡೇ ನಿಮ್ಮನ್ನ ಕರಸೇನಿ."

ಕೈ ಹಿಡಿದು ಕಿಟಕಿಯ ಬೆಳಕಿಗೆ ಎಳೆದುಕೊಂಡರು. ಬೆರಳು ಬಿಡಿಸಿ ನೋಡಿದರು, ಬಳೆ ಮೇಲಕ್ಕೆ ಸರಿಸಿ ನೋಡಿದರು. ಅಲ್ಲಿ ಕೆರೆದು ಕಪ್ಪಾದ ಗೀರುಗಳಿದ್ದವು. ನಾನೂ ಆಗಲೇ ಮೊದಲು ನೋಡಿದ್ದು.

"ಎಷ್ಟು ದಿನ ಆತು ತುರಸಾಕ ಹತ್ತಿ?"

"ಹತ್ತಿ ಸುರು ಆದಾಗಿಂದರಿ."

"ರಾತ್ರಿ ಹೆಚ್ಚೇನು?"

"ರಾತ್ರಿ ಜೀವಾ ತಿಂತದ್ರಿ."

"ಮನ್ಯಾಗ ಬ್ಯಾರೆ ಯಾರಿಗರ ಅದ?"

ದೇವಕಮ್ಮ ಬಳೆ ಕೆಳಗೆ ಸರಿಸಿಕೊಂಡಳು. ಅವಳ ಗಂಡ ಚೌಕಟ್ಟಿಗೆ ಬೆನ್ನು ಉಜ್ಜುವುದನ್ನು ನಾನೇ ಹೇಳಿದೆ.

"ಇದು ಕಜ್ಜಿ," ಅಂದರು ಡಾಕ್ಟರು. "ಹಾಲಿನ ಕಾವೂ ಅಲ್ಲ, ಹತ್ತಿನೂ ಅಲ್ಲ. ಕಣ್ಣಿಗೆ ಕಾಣದಂಥ ಹುಳ ಚರ್ಮದೊಳಗ ಬಿಲ ತೋಡಿ ತತ್ತಿ ಇಡ್ತಾವ. ಮೈಗೆ ಮೈ ಹತ್ತಿದ್ರ ದಾಟ್ತಾವ. ದೊಡ್ಡೋರಿಗೆ ಬೆರಳ ಸಂದ್ಯಾಗ, ಕೂಸಿಗೆ ಅಂಗೈ, ಅಂಗಾಲು, ತಲಿ. ಅದನ್ನ ತಿಕ್ಕಿ ತಿಕ್ಕಿ ಈಗ ಕೀವಾಗೇದ."

"ಕಜ್ಜಿ ಹೊಲಸ ಇದ್ದೋರಿಗೆ ಬರೂದಲ್ಲೇನ್ರಿ? ನಾ ದಿನಾ ಎಂಟು ಸಲ ನೀರಾಗ ಇರ್ತೀನಿ."

"ತೊಳದ್ರ ಹೋಗೂದಲ್ಲ ಅದು. ಹೊಲಸು, ಸ್ವಚ್ಛ ಅಂತ ನೋಡಂಗಿಲ್ಲ. ಮೈ ಸಿಕ್ಕರ ಸಾಕು." ಡಾಕ್ಟರು ಬರೆಯುತ್ತಿದ್ದವರು ತಲೆ ಎತ್ತಿದರು. "ಎಂಟು ಸಲ ಅಂದ್ರ? ಎಷ್ಟು ಕೂಸಿಗೆ ಎರೀತೀರಿ?"

"ಎಂಟು."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಎಂಟೂ ಮನೆಯವರು, ತುರಿಕೆ ಇದ್ದವರು ಇಲ್ಲದವರು ಎಲ್ಲರೂ, ಒಂದೇ ದಿನ ಮುಲಾಮು ಹಚ್ಚಿಕೊಳ್ಳಬೇಕು. ಎರಡು ತಿಂಗಳೊಳಗಿನ ಕೂಸುಗಳಿಗೆ ಬೇರೆ ಮುಲಾಮು, ಅವುಗಳನ್ನು ದವಾಖಾನೆಗೆ ಕರೆತರಬೇಕು. ಹಾಸಿದ್ದು ಹೊದ್ದಿದ್ದೆಲ್ಲ ಕುದಿಯುವ ನೀರಿಗೆ ಹಾಕಬೇಕು.

"ಬಟ್ಟಿ ಮರೀಬ್ಯಾಡ್ರಿ. ಬಟ್ಟಿದಾಗೂ ಎರಡ್ಮೂರು ದಿನ ಜೀವ ಹಿಡಕೊಂಡು ಇರ್ತಾವ."

ಬಟ್ಟೆ ಎಂದದ್ದೇ ತಡ, ದೇವಕಮ್ಮನ ಕೈ ಬಗಲಿಗೆ ಹೋಯಿತು. ಅಲ್ಲಿ ಅರಿವೆ ಇರಲಿಲ್ಲ. "ಸಾಯಬವ್ವ," ಅಂದಳು, ದನಿ ಇಳಿದಿತ್ತು. "ಅಮೃತಮ್ಮ ನಿನ್ನಿ ಸಂಜಿಗೆ ಅರಿವಿ ಒಯ್ದಾಳ. ಅವರ ಕೂಸು ಇವತ್ತ ಬರೂದು."

ಅಮೃತಮ್ಮ ನಮ್ಮ ಓಣಿಯ ಕೊನೆಯ ಮನೆಯವಳು. ಅವಳ ಮಗಳು ಮಲ್ಲೇಶ್ವರಿಗೂ ದೇವಕಮ್ಮನೇ ಎರೆದದ್ದು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮಲ್ಲೇಶ್ವರಿ ಏಳು ತಿಂಗಳಿಗೇ ಹೆತ್ತಿದ್ದಳು. ಕೂಸನ್ನು ಕಲಬುರಗಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ತಿಂಗಳ ಮೇಲೆ ಆಗಿತ್ತು. ಇವತ್ತು ನಾಲ್ಕು ಗಂಟೆಗೆ ಜೀಪಿನಲ್ಲಿ ಬರುವುದಿತ್ತು. ಹೊಸ್ತಿಲಲ್ಲಿ ಆ ಕೂಸನ್ನು ದೇವಕಮ್ಮನ ಅರಿವೆಯಲ್ಲೇ ಇಸಕೊಳ್ಳಬೇಕೆಂದು ಅಮೃತಮ್ಮನ ಹಟ.

ನಾನು ಇಷ್ಟನ್ನೂ ಹೇಳಿದಾಗ ಡಾಕ್ಟರು ಕೇಳಿದರು: "ತೂಕ ಎಷ್ಟದ ಆ ಕೂಸಿಂದು?"

"ಎರಡು ಕಿಲೋನೂ ತುಂಬಿಲ್ಲಂತ್ರಿ."

"ಅಷ್ಟು ಸಣ್ಣ ಕೂಸಿಗೆ ಇದು ಹತ್ತಿದ್ರ ಔಷಧ ಹಚ್ಚೂದೂ ಕಷ್ಟ, ಬಿಡೂದೂ ಕಷ್ಟ. ಮೊದಲ ಫೋನ್ ಹಚ್ರಿ."

ಬುದ್ಧಪ್ರಿಯ ಒಂದು ಕೈಯಲ್ಲಿ ಮಗಳ ತಲೆ ಹಿಡಿದುಕೊಂಡೇ ಇನ್ನೊಂದರಲ್ಲಿ ಮಲ್ಲೇಶ್ವರಿಯ ಗಂಡ ಅರ್ಜುನನಿಗೆ ಫೋನ್ ಹಚ್ಚಿದ. ಬಂದ್ ಇತ್ತು. ಅಮೃತಮ್ಮನ ಬಳಿ ಫೋನೇ ಇಲ್ಲ, ಓಣಿಯ ಬೇರೆ ಯಾರ ನಂಬರೂ ನಮ್ಮಲ್ಲಿ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು.

"ನೀವು ಹೊಂಡ್ರಿ ಆಯಿ," ಅಂದ. "ನಾ ಹಚ್ಚಿಕೋತ ಇರ್ತೀನಿ."

ಸಗರದ ಟಂಟಂ ನಿಂತಿತ್ತು. ಅದನ್ನು ಹೊಡೆಯುವ ಹಣಮೇಶ ನಮ್ಮೂರವನೇ. ಒಳಗೆ ಆರು ಜನ ಕೂತಿದ್ದರು.

"ಇನ್ನ ನಾಕು ಮಂದಿ ಆಗಲಿ ಆಯಿ, ಬಿಡ್ತೀನಿ."

"ನಿನಗ ಎರದಾಕಿ ನಾ. ನಿನ್ನ ಮೂಗು ತಿದ್ದಿದಾಕಿ ನಾ. ಹೊಡಿ ಗಾಡಿ," ಅಂದಳು ದೇವಕಮ್ಮ.

"ಮೂಗು ಇನ್ನ ಸೊಟ್ಟನ ಅದ ನೋಡಬೇ, ಸರಿಯಾಗಿ ತಿದ್ದಿಲ್ಲ ನೀನು," ಎಂದು ಒಳಗಿನಿಂದ ಒಬ್ಬ ನಕ್ಕ. ಹಣಮೇಶ ಅವಳ ಮುಖ ನೋಡಿ ಏನೋ ತಿಳಿದವನಂತೆ ಗಾಡಿ ಶುರು ಮಾಡಿದ.

ದೇವಕಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಮೂಲೆಗೆ ಒತ್ತಿ ಕೂತಳು. ಎದುರಿಗೆ ಕೂತ ಹೆಂಗಸಿನ ಮಡಿಲಲ್ಲಿ ವರ್ಷದ ಕೂಸು ಇತ್ತು. ಗಾಡಿ ಕುಲುಕಿದಾಗ ಆ ಹೆಂಗಸು, "ಸ್ವಲ್ಪ ಇದನ್ನ ಹಿಡಿಯಬೇ, ಚೀಲ ಸರಿ ಇಡ್ತೀನಿ," ಎಂದು ಕೂಸನ್ನು ದೇವಕಮ್ಮನ ಕಡೆ ನೀಡಿದಳು. ದೇವಕಮ್ಮ ಕೈ ಹೊರಗೆ ತೆಗೆಯಲಿಲ್ಲ. ಯಾರಾದರೂ ನೀಡಿದ ಕೂಸಿಗೆ ಅವಳು ಕೈ ಒಡ್ಡದೆ ಇದ್ದದ್ದು ಜನ್ಮದಲ್ಲಿ ನಾನು ಕಂಡಿಲ್ಲ.

"ಯಾಕ, ನಮ್ಮ ಕೂಸಿಗೆ ಕೈ ಹಚ್ಚಂಗಿಲ್ಲೇನು?" ಹೆಂಗಸಿನ ಮುಖ ಬಿಗಿಯಿತು.

ಅವಳು ಕೇಳಿದ್ದು ಜಾತಿಯ ಅರ್ಥದಲ್ಲಿ ಎಂದು ಎಲ್ಲರಿಗೂ ತಿಳಿಯಿತು. ದೇವಕಮ್ಮ ಹೊರಗೆ ನೋಡುತ್ತಾ ಕೂತಳು. ಕೂಸನ್ನು ನಾನು ಇಸಕೊಂಡೆ.

ಶಹಾಪುರ ದಾಟುವ ಮೊದಲೇ ಹತ್ತಿ ಮಿಲ್ಲಿನ ಮುಂದೆ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಹತ್ತಿ ತುಂಬಿ ಉಬ್ಬಿದ ಟ್ರಾಲಿಗಳು. ಒಂದು ಮುಂದೆ ಹೋಗದು, ಇನ್ನೊಂದು ಹಿಂದೆ ಸರಿಯದು. ಹಣಮೇಶ ಇಳಿದು ಹೋಗಿ ಬೈದ, ಬೈಸಿಕೊಂಡು ಬಂದ. ದೇವಕಮ್ಮ ತುಟಿ ಅಲ್ಲಾಡಿಸುತ್ತಿದ್ದಳು. ದೇವರನ್ನು ನೆನೆಯುತ್ತಿದ್ದಾಳೆ ಅಂದುಕೊಂಡೆ. ಕಿವಿಗೊಟ್ಟರೆ, ಯಾವ ಮನೆಗೆ ಎಂದಿನಿಂದ ಎರೆಯುತ್ತಿದ್ದೇನೆ ಎಂದು ಒಂದೊಂದೇ ಹೆಸರು ಹೇಳಿಕೊಳ್ಳುತ್ತಿದ್ದಳು. "ಯಾರ ಮನಿಯಿಂದ ನನ್ನ ಕೈಗೆ ಬಂತೋ, ನನ್ನ ಕೈಯಿಂದ ಯಾರ ಮನಿಗೆ ಹೋತೋ, ತಿಳೀವಲ್ದು ಸಾಯಬವ್ವ," ಅಂದಳು.

ನಮ್ಮೂರ ಅಗಸಿ ಬಾಗಿಲಲ್ಲಿ ಇಳಿದಾಗ ಓಣಿಯ ಕೊನೆಗೆ ಜೀಪು ನಿಂತದ್ದು ಕಂಡಿತು. ದೇವಕಮ್ಮ ಓಡಿದಳು. ಅರವತ್ನಾಲ್ಕು ವರ್ಷದ ಹೆಂಗಸು, ಸೆರಗು ಜಾರಿದ್ದೂ ಗೊತ್ತಿಲ್ಲದೆ. ನಾನು ಹಿಂದೆ ಬಿದ್ದೆ.

ಅಮೃತಮ್ಮನ ಬಾಗಿಲಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಅಮೃತಮ್ಮ ಹೊಸ್ತಿಲ ಒಳಗೆ, ಇಳಕಲ್ ಅರಿವೆಯನ್ನು ಎರಡೂ ಕೈ ಮೇಲೆ ಹರಡಿಕೊಂಡು ನಿಂತಿದ್ದಳು. ಹೊರಗೆ ಮಲ್ಲೇಶ್ವರಿ. ದವಾಖಾನೆಯ ಟವೆಲಿನಲ್ಲಿ ಸುತ್ತಿದ ಕೂಸನ್ನು ಅವಳು ಬಾಗಿ ತಾಯಿಯ ಕೈಗೆ ಇಡುತ್ತಿದ್ದಳು.

"ಆ ಅರಿವಿ ಮುಟ್ಟಸಬ್ಯಾಡ್ರಿ," ದೇವಕಮ್ಮ ಓಣಿಯಿಂದಲೇ ಕೂಗಿದಳು. "ತಗೀರಿ, ಕೂಸಿನ್ನ ತಗೀರಿ."

ಅಷ್ಟರಲ್ಲಿ ಕೂಸು ಅರಿವೆಯ ಮೇಲೆ ಇತ್ತು. ಮೈಯೆಲ್ಲ ಟವೆಲಿನೊಳಗೆ, ಹೆಬ್ಬೆರಳಿನಷ್ಟು ಇದ್ದ ಎರಡು ಪಾದ ಮಾತ್ರ ಹೊರಗೆ.

ಅಮೃತಮ್ಮ ಕದಲಲಿಲ್ಲ. "ಬಾಯಿ ಒಳ್ಳೇದಿರಲಿ ದೇವಕವ್ವ. ಒಂಬತ್ತು ವರ್ಷಕ್ಕ ಹೊಸ್ತಿಲಾ ದಾಟಾಕತ್ತದ ಕೂಸು. ಹೊತ್ತು ಗೊತ್ತು ಇಲ್ಲೇನು ನಿನಗ?"

ಅರಿವೆ ಹರಿದಿದೆ ಎನ್ನಬಹುದಿತ್ತು, ಮೈಲಿಗೆ ಆಗಿದೆ ಎನ್ನಬಹುದಿತ್ತು. ಓಡಿ ಬಂದ ಉಸಿರಿನಲ್ಲಿ ಅಂಥ ಒಂದು ಮಾತು ಹೇಳಿ ಅರಿವೆ ಕಸಿದುಕೊಳ್ಳುತ್ತಾಳೆ ಎಂದೇ ನಾನು ತಿಳಿದಿದ್ದೆ. ಅವಳು ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿದಳು.

"ನನ್ನ ಕೈಗೆ ಕಜ್ಜಿ ಆಗೇದ. ಈ ಕೈಲೆ ಎಂಟು ಕೂಸಿಗೆ ಎರದೀನಿ. ಮಾಸ್ತರ ಕೂಸು ಅದ್ರಿಂದನ ದವಾಖಾನ್ಯಾಗ ಬಿದ್ದದ. ಆ ಕೂಸಿಗೆ ಸುತ್ತಿದ್ದೂ ಇದೇ ಅರಿವಿ."

ಆರತಿ ಹಿಡಿದವಳು ಆರತಿ ಇಳಿಸಿದಳು. ಮೊದಲು ಕದಲಿದವಳು ಮಲ್ಲೇಶ್ವರಿ. ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು, ಅದರ ಪಾದಗಳನ್ನು ತನ್ನ ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಅಮೃತಮ್ಮ ಅರಿವೆಯನ್ನು ದೇವಕಮ್ಮನ ಮುಖದ ಕಡೆ ಎಸೆದಳು. ಅದು ಮಣ್ಣಿನಲ್ಲಿ ಬಿತ್ತು.

"ನನ್ನ ಮಗಳನ್ನ ಬೆಳಸಿದ ಕೈ ಅಂತ ಕರದೆ ನಿನ್ನ. ಇಂಥಾ ಕೈ ಇಟಗೊಂಡು ಇಷ್ಟು ದಿನ ಸುಮ್ಮ ಕುಂತಿದ್ದೇನು?"

"ಕಜ್ಜಿ ಅಂತ ಗೊತ್ತಿದ್ದಿಲ್ರಿ."

"ತುರಸೂದು ಗೊತ್ತಾಗಂಗಿಲ್ಲೇನು?"

ದೇವಕಮ್ಮ ಬಗ್ಗಿ ಅರಿವೆ ಎತ್ತಿಕೊಂಡಳು. "ಮಲ್ಲವ್ವ, ಕೂಸಿನ ಅಂಗಾಲು ದಿನಾ ನೋಡಬೇ," ಎಂದು ಹೇಳಿ ತಿರುಗಿದಳು.

ಆ ಸಂಜೆಯೇ ಉಳಿದ ಏಳು ಮನೆಗೂ ಹೋಗಿ ಹೊರಗೇ ನಿಂತು ಇದನ್ನೇ ಹೇಳಿದಳು. ಮರುದಿನ ಆಸ್ಪತ್ರೆಯ ನರ್ಸು, ನಮ್ಮೂರಲ್ಲೇ ಮನೆ ಮಾಡಿರುವ ಸಾವಿತ್ರಿಬಾಯಿ ಮುಲಾಮಿನ ಚೀಲ ಹಿಡಿದು ಬಂದಳು. ಎಂಟು ಮನೆಗಳಲ್ಲಿ ಇನ್ನೂ ಮೂರು ಕೂಸುಗಳಿಗೆ ಗುಳ್ಳೆ ಇದ್ದವು. ಕುತ್ತಿಗೆಯಿಂದ ಉಗುರಿನ ಸಂದಿಯವರೆಗೆ, ಕೂಸಿಗಾದರೆ ತಲೆಗೂ, ರಾತ್ರಿ ಹಚ್ಚಿ ಬೆಳಗಿಗೆ ತೊಳೆಯಬೇಕು, ವಾರ ಬಿಟ್ಟು ಮತ್ತೊಮ್ಮೆ ಎಂದು ಸಾವಿತ್ರಿಬಾಯಿ ಹೇಳಿದಳು. ದೇವಕಮ್ಮ ಅವಳ ಹಿಂದೆ ಮನೆಮನೆ ತಿರುಗಿದಳು, ದೂರದಲ್ಲೇ ನಿಂತು.

ಒಂದು ಮನೆಯ ಅತ್ತೆ, "ನನಗೆಲ್ಲಿ ತುರಸ್ತದ? ನಾ ಯಾಕ ಹಚಗೊಳ್ಳಿ?" ಎಂದು ಮುಲಾಮು ಸರಿಸಿದಳು.

"ತುರಿಕಿ ಏಳಾಕ ತಿಂಗಳೊಪ್ಪತ್ತು ಹಿಡಿತದಂತ್ರಿ," ಅಂದಳು ದೇವಕಮ್ಮ. "ನನಗ ಏಳೂ ಮುಂಚೆನ ನಾ ಎಷ್ಟು ಕೂಸಿಗೆ ಹಂಚೇನೋ."

"ಎರದದ್ದಕ್ಕ ಸೀರಿ ಇಸಗೊಂಡಿ. ಕಜ್ಜಿ ಹಂಚಿದ್ದಕ್ಕ ಏನು ಇಸಗೋತಿ?"

"ಬೈರಿ. ಬೈಕೋತ ಹಚಗೋರಿ." ಆ ಅತ್ತೆ ಹಚ್ಚಿಕೊಳ್ಳುವವರೆಗೆ ದೇವಕಮ್ಮ ಬಾಗಿಲು ಬಿಟ್ಟು ಕದಲಲಿಲ್ಲ.

ಅವತ್ತು ರಾತ್ರಿ ಗೋಡೆಯಾಚೆ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದ ಈಶಪ್ಪನ ಮಾತು ಕೇಳಿತು. "ಊರ ಕೂಸಿಗೆಲ್ಲ ಹಚ್ಚಿ ಹಚ್ಚಿ, ನಲವತ್ತು ವರ್ಷಕ್ಕ ನನ್ನ ಪಾಳಿ ಬಂತು ನೋಡು."

"ಸುಮ್ಮ ನಿಂದ್ರು. ಕಾಲು ಎತ್ತು."

"ಮೂಗು ತಿದ್ದಂಗಿಲ್ಲೇನು?"

ಅವಳು ನಗಲಿಲ್ಲ. ಅರಿವೆಯನ್ನು ಹಂಡೆಯಲ್ಲಿ ಕುದಿಸಿದಾಗ ಬಣ್ಣವೆಲ್ಲ ಬಿಟ್ಟುಹೋಯಿತು. ಈಶಪ್ಪ ಅದನ್ನು ತಲೆಗೆ ಸುತ್ತಿಕೊಂಡು ಹೊಲಕ್ಕೆ ಹೋದ.

ಶುಕ್ರವಾರ ಮಾಸ್ತರ ಕೂಸಿನ ಜ್ವರ ಇಳಿಯಿತು. ಮುಂದಿನ ವಾರ ಮನೆಗೆ ಬಂತು. ದೇವಕಮ್ಮ ನೋಡಲು ಹೋದಾಗ ಅನುರಾಧಾ ಬೈಯಲಿಲ್ಲ. "ಖಾರ ಬಿಡು ಅಂದ್ರಿ ಆಯಿ. ಹದಿನೈದು ದಿನ ನಾ ಸಪ್ಪನ್ನ ಉಂಡೆ," ಅಂದಳು ಅಷ್ಟೆ. ದೇವಕಮ್ಮ ಮನೆಗೆ ಬಂದು ಅವತ್ತು ಊಟ ಮಾಡಲಿಲ್ಲ.

ಆದರೆ ಅವಳ ಜೀವ ನಿಂತಿದ್ದು ಓಣಿಯ ಕೊನೆಯ ಮನೆಯಲ್ಲಿ. ಡಾಕ್ಟರು, "ಅರಿವಿ ಮುಟ್ಟಿದಷ್ಟಕ್ಕ ದಾಟೂದು ಕಡಿಮಿ. ಆದ್ರ ಆರು ವಾರ ನೋಡಬೇಕು. ಅಲ್ಲೀತನಕ ಏನೂ ಹೇಳಾಕ ಬರಂಗಿಲ್ಲ," ಅಂದಿದ್ದರು. ಆ ಆರು ವಾರ ಅವಳನ್ನು ಯಾರೂ ಎರೆಯಲು ಕರೆಯಲಿಲ್ಲ. ಅವಳ ಕೈ ವಾಸಿಯಾಯಿತು, ಗೀರು ಮಾಸಿದವು. ಆದರೂ ಬೆಳಗಿನ ಅದೇ ಹೊತ್ತಿಗೆ ಎದ್ದು, ಅಮೃತಮ್ಮನ ಮನೆಯ ಎದುರಿನ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದಳು.

"ಅಂಗಾಲು ನೋಡಿದ್ರೇನ್ರಿ?"

ಅಮೃತಮ್ಮ ಅಂಗಳಕ್ಕೆ ನೀರು ಹೊಡೆಯುತ್ತಾ ಅವಳ ಕಡೆ ನೋಡದೆ, "ಏನಿಲ್ಲ," ಅನ್ನುತ್ತಿದ್ದಳು. ದೇವಕಮ್ಮ ಮರಳುತ್ತಿದ್ದಳು. ಕೆಲವು ದಿನ ಉತ್ತರವೇ ಇರುತ್ತಿರಲಿಲ್ಲ. ಅವತ್ತು ಅವಳು ಬಿಸಿಲೇರುವವರೆಗೆ ಅಲ್ಲೇ ಇರುತ್ತಿದ್ದಳು.

ನಾಲ್ಕನೆಯ ವಾರದಲ್ಲಿ ಒಂದು ದಿನ ಅಮೃತಮ್ಮ, "ಕುತಿಗ್ಯಾಗ ಒಂದು ಕೆಂಪಾಗೇದ," ಅಂದಳು. ದೇವಕಮ್ಮ ಸಾವಿತ್ರಿಬಾಯಿಯ ಮನೆಗೆ ಹೋಗಿ ಅವಳನ್ನು ಚಹಾ ಕುಡಿಯುವಲ್ಲಿಂದ ಎಬ್ಬಿಸಿ ತಂದಳು. ಹಾಲು ಇಳಿದು ಕುತ್ತಿಗೆಯ ಮಡಿಕೆ ಕೆಂಪಾದದ್ದು, ಬೇರೇನಿಲ್ಲ ಎಂದು ಸಾವಿತ್ರಿಬಾಯಿ ಹೊರಗೆ ಬಂದು ಹೇಳುವವರೆಗೆ ದೇವಕಮ್ಮ ಕಟ್ಟೆ ಹಿಡಿದುಕೊಂಡು ನಿಂತಿದ್ದಳು.

ಆರು ವಾರ ತುಂಬಿದ ಮರುದಿನ ನಾನೂ ಜೊತೆಗೆ ಹೋಗಿದ್ದೆ. ಅಮೃತಮ್ಮ ನೀರು ಹೊಡೆಯುತ್ತಿರಲಿಲ್ಲ. ಬಾಗಿಲಲ್ಲೇ ನಿಂತಿದ್ದಳು.

"ದಿನಾ ನನ್ನ ಕೇಳ್ತಿ. ಒಳಗ ಬಂದು ನೀನ ನೋಡಬಾರದೇನು?" ಅಂದಳು.

ಮಲ್ಲೇಶ್ವರಿ ಕೂಸನ್ನು ಬೆಳಕಿಗೆ ತಂದು ಸುತ್ತಿದ್ದ ಬಟ್ಟೆ ಬಿಡಿಸಿದಳು. ಮೂರು ಕಿಲೋ ದಾಟಿತ್ತಂತೆ. ದೇವಕಮ್ಮ ಮುಟ್ಟದೆ ಬಗ್ಗಿ ನೋಡಿದಳು. ಎರಡೂ ಅಂಗಾಲು, ಬೆರಳ ಸಂದಿ, ಅಂಗೈ, ಕಂಕುಳು, ಕಿವಿಯ ಹಿಂದೆ. ಕೂಸು ಅವಳ ಮೂಗಿನ ಮುಂದೆಯೇ ಕಾಲು ಝಾಡಿಸಿತು. ಬಹಳ ಹೊತ್ತು ನೋಡಿದಳು.

"ಒಂದೂ ಇಲ್ಲ ಬೇ," ಅಂದಳು ಕೊನೆಗೆ.

"ಎರದ್ರೂ ನಡೀತದ ಅಂದಾರ ಡಾಕ್ಟರು," ಅಂದಳು ಮಲ್ಲೇಶ್ವರಿ ತಾಯಿಯ ಮುಖ ನೋಡುತ್ತಾ. ಅಮೃತಮ್ಮ ಬಚ್ಚಲಿಗೆ ಹೋಗಿ ಮಣೆ ಇಟ್ಟು ಬಂದಳು. "ನೀರು ಕಾದಾವ," ಅಂದಳು.

ದೇವಕಮ್ಮ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತಳು.

"ಇವತ್ತು ಬ್ಯಾಡ್ರಿ. ಕಾಲು ನಡಗಾಕತ್ಯಾವ. ನಡಗೂ ಕಾಲಮ್ಯಾಲ ಕೂಸಿನ್ನ ಹಾಕ್ಕೊಬಾರದು. ನಾಳಿ ಬರ್ತೀನಿ."